ಚಿತ್ರದಡಿ ಇದ್ದ ಮಗಳ ಹೆಸರು

ಹೆಸರು ಇರ್ಮಾ ತಸ್ಸಿನಾರಿ, ಗಂಡ ದಿವಂಗತ ಗುಯೆರ್ರೀನೊ, ವಯಸ್ಸು 68 ವರ್ಷ, ಸಂತ ಅನ್ನಾಳ ಚರ್ಚಿನ ಬೀಗದ ಕೈ ಇಟ್ಟುಕೊಂಡು ಕಸ ಗುಡಿಸುವ ಕೆಲಸ, ವಾಸ ಮನೆ ನಂ. 7, ಬಾವಿ ಓಣಿ, ಕಸ್ತೆಲ್ವೆರ್ದೆ, ಬೊಲೋನ್ಯಾ ಜಿಲ್ಲೆ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಚರ್ಚಿನಲ್ಲಿ ಸಂತ ಅನ್ನಾ ತನ್ನ ಮಗಳಿಗೆ ಓದು ಕಲಿಸುವ ಹಳೆಯ ಚಿತ್ರವೊಂದಿದೆ. ಮುನ್ನೂರೈವತ್ತು ವರ್ಷದ ಹಿಂದೆ ಲಾತ್ಸಾರೊ ಓರ್ಸೋನಿ ಎಂಬಾತ ಬಿಡಿಸಿದ್ದೆಂದು ಎಲ್ಲರೂ ನಂಬಿದ್ದೆವು. ಹಾಗೆಂದು ಪುಸ್ತಕ ಬರೆದವರು ಪ್ರೊಫೆಸರ್ ಅತ್ತೀಲಿಯೊ ವೆಂತುರೋಲಿ, ವಯಸ್ಸು 81.

ದಿನಾಂಕ 14-10-2019ರ ಸೋಮವಾರ ಬೆಳಿಗ್ಗೆ 11-20ಕ್ಕೆ, ಚಿತ್ರ ಶುಚಿಮಾಡಲು ಬಂದಿದ್ದ ಲೊರೆದಾನಾ ಬೆಲ್ಲೆಂಗಿ ನನ್ನನ್ನು ಕೂಗಿ ಕರೆದಳು. ಪಾದ್ರಿಗಳು ಉಡುಪು ಹಾಕುವ ಕೋಣೆಯ ಮೇಜಿನ ಮೇಲೆ ಚಿತ್ರವನ್ನು ಮಲಗಿಸಲಾಗಿತ್ತು. ಕಪ್ಪು ವಾರ್ನಿಷ್ ತೆಗೆದ ಕಡೆ, ಸಂತಳ ಪಾದದ ಬಳಿ, ಹೆಬ್ಬೆರಳುದ್ದ 'ದಿಯಾಮಾಂತೆ' ಎಂದು ಬರೆದಿತ್ತು. ಅದು ಲಾತ್ಸಾರೊನ ಮಗಳ ಹೆಸರು, ಚಿತ್ರ ಬಿಡಿಸಿದವರು ಸಹಿ ಹಾಕುವ ಜಾಗದಲ್ಲಿತ್ತು. ಇಷ್ಟು ಕಾಲ ಇವಳನ್ನ ಅಪ್ಪನ ಹೆಸರಲ್ಲೇ ಮುಚ್ಚಿಟ್ಟಿದ್ರು ನೋಡಿ ಇರ್ಮಕ್ಕ, ಎಂದು ಹೇಳಿ ಲೊರೆದಾನಾ ಅತ್ತಳು. ಮೊಬೈಲಿನಲ್ಲಿ ಎರಡು ಫೋಟೊ ತೆಗೆದಳು. ನಾನು ಕೈ ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ. ಮುಟ್ಟಲಿಲ್ಲ.

ಇಂದು ಬೆಳಿಗ್ಗೆ ಆಕೆ ಬಣ್ಣದ ಪರೀಕ್ಷೆ ಮಾಡುವವರನ್ನು ಕರೆತರಲು ಬೊಲೋನ್ಯಾಕ್ಕೆ ಹೋದಳು. ಯಾರನ್ನೂ ಒಳಗೆ ಬಿಡಬೇಡಿ ಎಂದು ಹೇಳಿಯೇ ಹೋಗಿದ್ದಳು. ಹೆಸರು ಸಿಕ್ಕ ಸುದ್ದಿ ಅಷ್ಟರಲ್ಲಿ ಊರಿಗೆಲ್ಲ ಹಬ್ಬಿತ್ತು. 9-40ಕ್ಕೆ ಪ್ರೊಫೆಸರ್ ಬಂದರು. ಹತ್ತೇ ನಿಮಿಷ ಕಣಮ್ಮ, ನನ್ನ ಆಯಸ್ಸೆಲ್ಲ ಇದರ ಮುಂದೇನೇ ಕಳೀತು, ಇವತ್ತು ಬಾಗಿಲಲ್ಲಿ ನಿಲ್ಲಿಸ್ತೀಯಾ ಎಂದು ಕೇಳಿದರು. ನನ್ನ ಗಂಡನಿಗೆ ಕಾಯಿಲೆಯಾದಾಗ ಎರಡು ತಿಂಗಳು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಅವರೇ. ನಾನು ಬೀಗ ತೆಗೆದೆ. ಅವರು ಒಳಗಿನಿಂದ ಚಿಲಕ ಹಾಕಿಕೊಂಡರು.

9-52ಕ್ಕೆ ಕೆರೆಯುವ ಸದ್ದು ಕೇಳಿತು. ಬಾಗಿಲು ಬಡಿದೆ. ಬಂದೆ ಬಂದೆ, ಯಾಕಿಷ್ಟು ಅವಸರ ಎಂದರು. ಸದ್ದು ನಿಲ್ಲಲಿಲ್ಲ. ನಮ್ಮ ಪಾದ್ರಿ ಆರು ಕಿಲೋಮೀಟರ್ ದೂರದಲ್ಲಿ ಶವಸಂಸ್ಕಾರದಲ್ಲಿದ್ದರು. ಮೂರು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಭುಜ ಕೊಟ್ಟು ದೂಡಿದೆ. ಓಕ್ ಮರದ ಬಾಗಿಲು, ಜಗ್ಗಲಿಲ್ಲ. ಸಾರ್, ಬೇಡ ಸಾರ್ ಎಂದು ಬೇಡಿಕೊಂಡೆ.

10-05ಕ್ಕೆ ಅವರು ಹೊರಗೆ ಬಂದರು. ಬಲಗೈ ತೋಳಿನ ಮೇಲೆ ಕಂದು ಪುಡಿ ಇತ್ತು. ಅಲ್ಲಿದ್ದಿದ್ದು ಬರೀ ಕೊಳೆ, ಏನೂ ತಿಳೀದ ಹುಡುಗಿ ಹೆಸರು ಅಂದ್ಕೊಂಡಿದ್ದಾಳೆ ಎಂದು ಹೇಳಿ, ನನ್ನ ಬೆನ್ನು ತಟ್ಟಿ ಹೋದರು. ಒಳಗೆ ಹೋಗಿ ನೋಡಿದೆ. ಹೆಸರಿದ್ದ ಕಡೆ ಬಣ್ಣ ಹೋಗಿ ಚಿತ್ರದ ಬಟ್ಟೆಯ ಎಳೆ ಕಾಣುತ್ತಿತ್ತು.

12-30ಕ್ಕೆ ಲೊರೆದಾನಾ ಬಂದಳು. ಫೋಟೊ ಇದೆಯಲ್ಲಮ್ಮ ಎಂದೆ. ನಾನೇ ಬರೆದು ಫೋಟೊ ತೆಗೆದೆ ಅಂತಾರೆ ಅಕ್ಕ, ಪರೀಕ್ಷೆ ಮಾಡೋಕೆ ಬಣ್ಣ ಎಲ್ಲಿದೆ ಈಗ ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವರು ಕೆರೆದದ್ದನ್ನು ಕಣ್ಣಾರೆ ಕಂಡೆಯಾ ಎಂದು ತಾವು ಕೇಳಿದ್ದೀರಿ. ಕಂಡಿಲ್ಲ. ಕಿವಿಯಾರೆ ಕೇಳಿದ್ದೇನೆ. ಅದು ಸಾಕ್ಷಿಗೆ ಸಾಲುವುದಿಲ್ಲವೆಂದು ತಾವು ತಿಳಿಸಿದ್ದೀರಿ. ಆದರೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ನುಡಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಕಸ್ತೆಲ್ವೆರ್ದೆ
ದಿನಾಂಕ: 15-10-2019, ಸಂಜೆ 4-15
ಸಹಿ: ಇರ್ಮಾ ತಸ್ಸಿನಾರಿ