ಅವನು ಬದುಕಬೇಕು

ಆಸ್ಪತ್ರೆಯ ಲಿಫ್ಟ್ ಮುಂದೆ ಪೈಪು ಹೊತ್ತು ಕಾಯುತ್ತಿದ್ದ ಪ್ಲಂಬರ್‌ನ ಕಿವಿಗೆ ಬಿದ್ದ ಮಾತಿದು. ಬೈಬಲ್ಲನ್ನು ಎದೆಗೆ ಅವುಚಿಕೊಂಡ ಹೆಂಗಸೊಬ್ಬಳಿಗೆ ಅವಳ ತಮ್ಮ ಅಡ್ಡ ನಿಂತು ಕುದಿಯುತ್ತಿದ್ದ.

“ಕುಡಿದು ಲಾರಿ ಓಡಿಸಿ ನಿನ್ನ ಮಗನ್ನ ಕೊಂದವನು ಅಕ್ಕಾ ಅವನು! ಮೇಲೆ ಐಸಿಯುನಲ್ಲಿ ಉಸಿರು ಎಳೀತಾ ಬಿದ್ದಿದಾನೆ ಅಂತ ಪ್ರಾರ್ಥನೆ ಮಾಡೋಕೆ ಬಂದಿದೀಯಲ್ಲ, ರೋಷ ಇಲ್ವಾ ನಿನಗೆ?”

“ಪಾಸ್ಟರ್ ಕರೆದ್ರು, ಬಂದೆ. ಶತ್ರುಗಳಿಗೂ ಪ್ರಾರ್ಥನೆ ಮಾಡಿ ಅಂತ ಯೇಸು ಹೇಳಿಲ್ವೇನೋ?”

“ಜೈಲಲ್ಲಿ ದೀಕ್ಷಾಸ್ನಾನ ಮಾಡಿಸ್ಕೊಂಡು ಬಂದ. ಆಮೇಲೆ ಭಾನುವಾರ ಭಾನುವಾರ ಚರ್ಚಲ್ಲಿ ಮೈಕ್ ಹಿಡಿದು, ಯೇಸು ನನ್ನ ಪಾಪ ತೊಳೆದ ಅಂತಿದ್ದ. ಹೊಟ್ಟೆ ಉರಿಯುತ್ತೆ ನನಗೆ.”

“ತೊಳೆದಿರ್ತಾನೆ. ನನ್ನನ್ನ ಒಂದು ಮಾತು ಕೇಳಲಿಲ್ಲ, ಅಷ್ಟೇ.”

“ಹಾಗಾದ್ರೆ ಸಾಯ್ಲಿ ಬಿಡು!”

“ಬೇಡ. ಅವನು ಬದುಕಬೇಕು.”

“ಅಬ್ಬಬ್ಬಾ, ದೊಡ್ಡ ಕರುಣಾಮಯಿ!”

“ಬಾಯಿ ಮುಚ್ಕೊಂಡು ಕೇಳು. ಪಾಪ ಪೂರ್ತಿ ತೊಳೆದಿದ್ರೆ, ಇವತ್ತು ಸತ್ತರೆ ಅವನು ಎಲ್ಲಿಗೆ ಹೋಗ್ತಾನೆ?”

“ಸ್ವರ್ಗಕ್ಕೆ.”

“ಅಲ್ಲಿ ಯಾರಿದಾರೆ?”

ತಮ್ಮ ಅಡ್ಡ ಚಾಚಿದ್ದ ಕೈ ಇಳಿಸಿದ.

“ನನ್ನ ಮಗ ಇದಾನೆ ಕಣೋ. ಹೆತ್ತವಳು ನಾನು ಇಲ್ಲೇ ಇರೋವಾಗ, ಇವನು ಮುಂದೆ ಹೋಗಿ ನನ್ನ ಕೂಸಿನ ಮುಖ ನೋಡೋದಾ? ನೂರು ವರ್ಷ ಬದುಕಲಿ ಹಾಳಾದವನು. ಮೊದಲು ನಾನು ಹೋಗ್ತೀನಿ. ಹೋಗಿ ಬಾಗಿಲಲ್ಲೇ ನಿಂತಿರ್ತೀನಿ.”

ಲಿಫ್ಟ್ ಬಂತು. ತಮ್ಮ ದಾರಿ ಬಿಟ್ಟು, ಅಕ್ಕನ ಹಿಂದೆಯೇ ಒಳಗೆ ಹೋದ.

“ನಡಿ ಅಕ್ಕಾ. ಜೋರಾಗಿ ಆಮೆನ್ ಅನ್ನೋಕೆ ನಾನಿದೀನಿ.”

ಒಳಗೆ ಇನ್ನೂ ಜಾಗವಿತ್ತು. ಪ್ಲಂಬರ್ ಹತ್ತಲಿಲ್ಲ.