ಕೋರಂಗೆ ಒಬ್ಬರು ಕಮ್ಮಿ

ಹಲೋ... ಯಾರು ಮಾತಾಡ್ತಿರೋದು? ಡ್ರೈವರಾ? ನಾನಪ್ಪ, ವಿದೇಶಾಂಗ ಸಮಿತಿ ಅಧ್ಯಕ್ಷೆ. ಮೇಷ್ಟ್ರಿಗೆ ಫೋನ್ ಕೊಡು...

ಹಾಂ, ಮೇಷ್ಟ್ರೇ, ಎಲ್ಲಿದೀರಿ? ಬರೋರೆಲ್ಲ ಬಂದು ಕೂತಾಯ್ತು, ಕೋರಂಗೆ ನೀವೊಬ್ರೇ ಕಮ್ಮಿ...

ಟ್ರಾಫಿಕ್ಕಾ?... ಮತ್ತೆ ಅದೇನದು ಚಮಚದ ಸದ್ದು? ಟ್ರಾಫಿಕ್‌ನಲ್ಲಿ ಲೋಟ ತೊಳೀತಾರಾ?... ಕೆಳಗಡೆ ಕ್ಯಾಂಟೀನಲ್ಲೇ ಕೂತಿದೀರಿ, ಅಲ್ವಾ?...

ಗೊತ್ತಿತ್ತು. ಯಾರು ಹೇಳಿದ್ದು, ನಿಮ್ಮ ಪಕ್ಷದ ಸಚೇತಕರಾ? ಮೇಲೆ ಹೋಗ್ಬೇಡಿ, ಕಾಫಿ ಕುಡೀತಾ ಇರಿ ಅಂದ್ರಾ?...

ಹೂಂ, ನಿಯಮ ನಿಮಗೂ ಗೊತ್ತು, ಅವರಿಗೂ ಗೊತ್ತು. ಇವತ್ತು ಕೋರಂ ಆಗ್ಲಿಲ್ಲ ಅಂದ್ರೆ ಸಮಿತಿದು ಆಕ್ಷೇಪ ಇಲ್ಲ ಅಂತ ಬರ್ಕೋತಾರೆ. ಸಂಜೆ ಒಪ್ಪಂದಕ್ಕೆ ಸಹಿ ಬೀಳುತ್ತೆ. ಪಕ್ಕದ ದೇಶದ ಯುದ್ಧಕ್ಕೆ ನಮ್ಮ ಸೈನ್ಯದ ದಳ ಹೊರಡುತ್ತೆ...

ಅಯ್ಯೋ, ವಿರೋಧಿಸಿ ಅಂತ ನಾನು ಹೇಳಿದ್ನಾ? ದೇಶ ನಡೆಸೋದು ಸರ್ಕಾರಾನೇ ಸ್ವಾಮಿ. ನಾವಿರೋದು ಪ್ರಶ್ನೆ ಕೇಳೋದಕ್ಕೆ. ಒಪ್ಪಂದ ಪೂರ್ತಿ ಓದಿದ್ರಾ? ಹೋಗೋ ದಿನ ಇದೆ. ವಾಪಸ್ ಬರೋ ದಿನ ಎಲ್ಲಿದೆ, ಹೇಳಿ?...

ಹಾಂ... ಹೌದು. ನನ್ನ ತಂಗಿ ಮಗ ಅದೇ ದಳದಲ್ಲಿದಾನೆ. ಯಾರು ಹೇಳಿದ್ರು ನಿಮಗೆ?...

ಇರ್ಲಿ ಬಿಡಿ, ಸುಳ್ಳಲ್ವಲ್ಲ. ಬೆಳಿಗ್ಗೆಯಿಂದ ಬೂಟಿಗೆ ಪಾಲಿಶ್ ಹಾಕ್ತಾನೇ ಇದಾನಂತೆ, ಹಾಕಿದ್ದಕ್ಕೇ ಮತ್ತೆ ಹಾಕ್ತಾನಂತೆ. ತಂಗಿ ಏನೂ ಕೇಳಿಲ್ಲ ನನ್ನ. ಕೇಳಿದ್ರೇ ವಾಸಿಯಾಗಿತ್ತು...

ಅದಕ್ಕೇ ಹೇಳ್ತಿದೀನಿ, ಕೇಳಿ ಇಲ್ಲಿ. ತಂಗಿ ಮಗನ ವಿಷಯಾನ ಸಮಿತಿಗೆ ತಿಳಿಸಿದೀನಿ. ಇವತ್ತು ನಾನು ಸುಮ್ನೆ ಕೂರ್ತೀನಿ, ಬಾಯಿ ಬಿಡಲ್ಲ. ನಾನು ಕೇಳಿದ್ರೆ ದೊಡ್ಡಮ್ಮನ ಕರುಳು ಅಂತ ನಗ್ತಾರೆ. ನೀವು ಕೇಳಿದ್ರೆ ಉತ್ತರ ಕೊಡ್ಲೇಬೇಕು...

ಭಯಾನಾ? ನಿಮಗಾ? ಸೈನ್ಸ್ ಪಾಠ ಮಾಡ್ತಿದ್ದಾಗ, ಪ್ರಯೋಗದಲ್ಲಿ ಬಂದ ಅಂಕಿ ಬಿಟ್ಟು ಬರ್ಬೇಕಾದ ಅಂಕಿ ಬರೆದ ಹುಡುಗರಿಗೆ ಸೊನ್ನೆ ಕೊಡ್ತಿದ್ರಂತಲ್ಲ ನೀವು. ಈಗ ಪ್ರಯೋಗಾನೇ ಬೇಡ ಅಂತೀರಾ?...

ಬೈಯ್ತಿಲ್ಲ ಮಾರಾಯ್ರೇ, ಬೇಡ್ಕೋತಿದೀನಿ...

ಏನಂದ್ರಿ? ಮುಂದಿನ ಚುನಾವಣೆ ಟಿಕೆಟ್ ಹೋದ್ರೆ? ಹೋಗ್ಬಹುದು. ಹೋಗಲ್ಲ ಅಂತ ನಾನು ಹೇಳಲ್ಲ...

ತಡೀರಿ, ಒಂದ್ನಿಮಿಷ... ರೀ ಕಾರ್ಯದರ್ಶಿಗಳೇ, ಫೈಲ್ ಕಟ್ಬೇಡ್ರೀ ಆಗಲೇ! ಇನ್ನೂ ಟೈಮಿದೆ... ಹಾಂ ಮೇಷ್ಟ್ರೇ, ಮಂತ್ರಿಗಳು ಹೊರಡೋಕೆ ಕೋಟು ಸರಿಮಾಡ್ಕೋತಿದಾರೆ, ಬೇಗ...

ಅದೇನು, ಕುರ್ಚಿ ಎಳೆದ ಸದ್ದಾ? ಎದ್ರಾ?...

ಮೆಟ್ಟಿಲು ಬೇಡ, ಮಂಡಿ ನೋವು ನಿಮಗೆ. ಲಿಫ್ಟಲ್ಲಿ ಬನ್ನಿ. ಒಳಗೆ ಸಿಗ್ನಲ್ ಇರಲ್ಲ, ಕಟ್ಟಾದ್ರೆ ಹತ್ತಿದ್ರಿ ಅಂದ್ಕೋತೀನಿ. ಒಂದೇ ಪ್ರಶ್ನೆ, ವಾಪಸ್ ಯಾವಾಗ ಅಂತ. ಅಷ್ಟೇ ಕೇಳಿ...

ಹಲೋ?... ಮೇಷ್ಟ್ರೇ?... ಲಿಫ್ಟಾ, ಇಲ್ಲಾ ನೀವೇ ಕಟ್ ಮಾಡಿದ್ರಾ?...

ಕಾರ್ಯದರ್ಶಿಗಳೇ, ಸ್ವಲ್ಪ ಹೊರಗೆ ಹೋಗಿ, ಲಿಫ್ಟ್ ಮೇಲಿನ ದೀಪ ನೋಡಿ... ಮೇಲಕ್ಕೆ ಬರ್ತಾ ಇದೆಯಾ?