ಗಾದಿ ಹಿಂಜೋ ಬಿಲ್ಲು ಕೊಡೂದೋ ಇಟ್ಕೊಳ್ಳೂದೋ

…ಇಲ್ಲೇ ಇತ್ತು, ಹೌದು, ಈ ಗ್ಯಾಲರಿ ಗ್ವಾಡಿಗೇ ಇತ್ತು, ಈಗಿಲ್ಲ. ಮೊಳಿ ಕಾಣ್ತಾವ, ಬಿಲ್ಲ ಕಾಣೂದಿಲ್ಲ. ರಜಾ ಅಂತ ಶಿರೂರಿಗಿ ಮಾವನ ಮನಿಗಿ ಹೋಗಿ ನೀವು ಹಾಯಾಗಿದ್ರಿ, ಇಲ್ಲೆ ಪುಣೆದ ವಾಕಡದಾಗ ಏನೇನಾತು ನಿಮಗೇನ ಗೊತ್ತು. ಎಲ್ಲದ ಎಲ್ಲದ ಅಂತ ಬೆನ್ನ ಹತ್ತಬ್ಯಾಡ್ರಿ, ಹೇಳ್ತೀನಿ, ಕುಂಡ್ರಿ. ಮುನ್ನಿ, ಆ ಮೊಬೈಲ ಒಳಗಿಟ್ಟ ಬಾ. ನಿಮ್ಮ ಗೆಳ್ಯಾರು ಬಂದಾಗೆಲ್ಲಾ ಕೇಳ್ತಿದ್ರಲ್ಲ, "ಅಜ್ಜಿ, ಈ ಬಿಲ್ಲಿಲೆ ಏನ ಹೊಡದೀರಿ" ಅಂತ. ಗಾದಿ ಹೊಡದೀನಪಾ ಅಂತಿದ್ದೆ. ನಕ್ಕ ಹೋಗ್ತಿದ್ರು. ನಗೂದೇನದ ಅದರಾಗ. ನಾವು ಪಿಂಜಾರ್ರು, ನಮ್ಮ ಬಿಲ್ಲಿಗಿ ಬಾಣ ಇರಂಗಿಲ್ಲ. ಆಳೆತ್ತರದ ಕಟ್ಟಿಗಿ, ಒಂದ ತುದಿಗಿ ಅಗಲ ಹಲಗಿ, ಇನ್ನೊಂದ ತುದಿ ಬಾಗಿರ್ತದ, ನಡುವ ಬಿಗದ ಹೆದಿ. ಹೆದಿ ಹತ್ತಿ ಮ್ಯಾಲ ಇಟ್ಟು ಕಟ್ಟಿಗಿ ಗುಂಡಿಲೆ ಹೊಡದ್ರ ಠಂಯ್ ಅಂತದ, ಗಂಟಗಂಟಾದ ಹತ್ತಿ ಬಿಡಿಸ್ಕೊಂಡ ಮ್ಯಾಲ ಹಾರ್ತದ. ಅಷ್ಟ ಅದರ ಕೆಲಸ. ನನಗ ಅದಕ್ಕಿಂತ ಪ್ರೀತಿ ಸಾಮಾನ ಈ ಮನ್ಯಾಗ ಇನ್ನೊಂದಿಲ್ಲ. ನಿಮ್ಮ ಮುತ್ಯಾ, ನಮ್ಮ ಯಜಮಾನ್ರು, ಸಾಮಾನಲ್ಲ, ಅವ್ರನ್ನ ಅದರಾಗ ಹಿಡೀಬ್ಯಾಡ್ರಿ.

ಒಬ್ಬ ಹೋಟೆಲಿನವ್ರು ಬಂದಿದ್ರು, ಬಿಲ್ಲಿಗಲ್ಲ, ಕುರ್ಚಿಗಿ. ಅವ್ರ ಹೋಟೆಲಿನ ಕುರ್ಚಿಗೆಲ್ಲಾ ಮೆತ್ತಿ ಹೊಲಿಸ್ಲಾಕ ನಿಮ್ಮಪ್ಪನ ಫೋಮ್ ಗಾದಿ ಅಂಗಡ್ಯಾಗ ಕೊಟ್ಟಿದ್ರು. ಉಡುಪಿ ಕಡೆಯವ್ರು, ಛಲೋ ಮನಷ್ಯಾ. ನಿಮ್ಮಪ್ಪ ಚಾ ಕುಡಿಲಾಕಂತ ಮನಿಗಿ ಕರಕೊಂಡ ಬಂದ. ಚಾ ಕುಡೀತ ಕುಂತಾಂವ್ರು ಕಪ್ ಕೆಳಗಿಟ್ಟು ಗ್ಯಾಲರಿಗಿ ಬಂದ್ರು. "ಅಮ್ಮಾ, ಇದು ಭಾರಿ ಚಂದ ಉಂಟು ಮಾರಾಯ್ರೆ. ನಮ್ಮ ಹೊಸ ಹೋಟೆಲಿನ ಗೋಡೆಗೆ ಇಂಥದ್ದೇ ಬೇಕಿತ್ತು. ಕೊಡ್ತೀರಾ?" ಅಂದ್ರು. ಅವ್ರ ಗ್ವಾಡಿ ಮ್ಯಾಲ ಈಗಾಗಲೇ ಒಂದ ಗಾಡಿ ಗಾಲಿ, ಒಂದ ಲಾಟೀನ, ಒಂದ ಬೀಸೂಕಲ್ಲು ಅವಂತ. ಬೀಸೂಕಲ್ಲು ಗ್ವಾಡಿ ಮ್ಯಾಲ ಯಾಕ ಹೋತು ಅಂತ ನಾ ಕೇಳ್ಲಿಲ್ಲ. ನಿಮ್ಮಪ್ಪ ಅಂದ, "ಕೊಟ್ಟಬಿಡಬೇ, ಜಾಗಾ ಆಗ್ತದ." ನಿಮ್ಮವ್ವ ಬಾಯಿಲೆ ಏನೂ ಅನ್ಲಿಲ್ಲ, ಆದ್ರ ಬಿಲ್ಲಿನ ಮ್ಯಾಲ ಒಣಹಾಕಿದ ಟಾವೆಲ್ ತಗದು ಅದು ಛಂದ ಕಾಣೂಹಂಗ ಮಾಡಿದ್ಳು. ಒಳಗಿಂದ ನಿಮ್ಮ ಮುತ್ಯಾ, ಕೇಳಲಾರದ ಕಿವಿ ಅವ್ರದು, ಆವತ್ತ ಛಲೋ ಕೇಳಿಸ್ತು, "ಒಯ್ಯಲಿ, ಒಯ್ಯಲಿ" ಅಂದ್ರು. ಮೂವರೂ ಒಂದ ಕಡಿ. ನಾ "ವಿಚಾರ ಮಾಡಿ ಹೇಳ್ತೀನ್ರಿ" ಅಂದೆ. ಅವ್ರು "ಆಯ್ತಮ್ಮಾ, ಅರ್ಜೆಂಟಿಲ್ಲ, ಬರುವ ವಾರ ಬರ್ತೇನೆ" ಅಂದು ಹೋದ್ರು. ಮಗ ಅಂದದ್ದು, ಸೊಸಿ ಮಾಡಿದ್ದು ನನಗ ಮನಸ್ಸಿಗಿ ನಾಟ್ಲಿಲ್ಲ. ಇವ್ರು ಒಯ್ಯಲಿ ಅಂದ್ರಲ್ಲ, ಅದು ನಾಟಿತು. ಯಾಕಂದ್ರ ಬಿಲ್ಲ ಅವ್ರಪ್ಪಂದು. ಅವ್ರೇ ಬ್ಯಾಡಂದ್ರ ನಾ ಯಾವ ಬಾಯಿಲೆ ಬೇಕನ್ನಲಿ.

ಈಗ ಹಿಂದಿಂದ ಹೇಳ್ಬೇಕು, ಇಲ್ಲಂದ್ರ ತಿಳಿಯೂದಿಲ್ಲ. ನನ್ನ ಮದಿವ್ಯಾದ ಮರು ವರ್ಷ, ಅಲ್ಲ, ಅದರ ಮರು ವರ್ಷ, ನಿಮ್ಮಪ್ಪ ಹುಟ್ಟಿದ್ದ, ತೊಡಿ ಮ್ಯಾಲಿದ್ದ, ಯಾದಗಿರಿ ಕಡಿಂದ ರೈಲಿನ್ಯಾಗ ಪುಣೆಕ್ಕ ಬಂದ್ವಿ. ಊರಾಗ ಹಿಂಜೂ ಕೆಲಸ ಕಡಿಮ್ಯಾಗಿತ್ತು. ಪುಣೆದಾಗ ಮಂದಿ ಭಾಳ, ಮಂದಿ ಭಾಳಂದ್ರ ಗಾದಿ ಭಾಳ, ಅಂತ ಇವ್ರ ಲೆಕ್ಕ. ರೈಲಿನ್ಯಾಗ ನಮಗ ಕುಂಡ್ರಲಾಕ ಜಾಗಾ ಸಿಗ್ಲಿಲ್ಲ, ಬಿಲ್ಲಿಗಿ ಸಿಕ್ತು, ಮ್ಯಾಲಿನ ಹಲಗಿ ಮ್ಯಾಲ ಆರಾಮ ಮಲಗಿ ಬಂತು. ಕೋಥರೂಡದಾಗ ಒಂದ ಪತ್ರಾ ಶೆಡ್ ಹಿಡದ್ವಿ. ಆಗಿನ ಕೋಥರೂಡ ಈಗಿನಂಗಲ್ಲ, ಹೊಸಾ ಹೊಸಾ ಬಿಲ್ಡಿಂಗ ಏಳ್ತಿದ್ವು, ನಡುನಡುವ ಬಯಲು. ಇವ್ರು ಮುಂಜಾನಿ ಬಿಲ್ಲ ಹೆಗಲಿಗಿ ಹಾಕ್ಕೊಂಡು ಹೆದಿ ಮೀಟ್ಕೋತ ಓಣಿ ಓಣಿ ಹೋಗ್ತಿದ್ರು. ನಮ್ಮ ಮಂದಿ ಬಾಯಿಲೆ ಕೂಗಂಗಿಲ್ಲ, ಹೆದೀನೇ ಕೂಗ್ತದ. ಊಟಕ್ಕ ಕಮ್ಮಿ ಇರ್ಲಿಲ್ಲ. ಆಮ್ಯಾಲ ಇವ್ರಿಗಿ ಎದಿ ಹಿಡೀತು. ಹತ್ತಿ ಧೂಳ ಎದ್ಯಾಗ ಕುಂತದ ಅಂದ್ರು ದವಾಖಾನ್ಯಾಗ. "ಹತ್ತಿ ಬಿಡಬೇಕು" ಅಂದ್ರು ಡಾಕ್ಟರು, ಬೀಡಿ ಬಿಡ್ರಿ ಅಂದಂಗ. ಬೀಡಿ ಬಿಡಬಹುದು, ಹತ್ತಿ ಬಿಟ್ರ ತಿನ್ನೂದೇನು. ಇವ್ರು ನಾಕ ಹೆಜ್ಜಿ ನಡದ್ರ ಕುಂಡ್ರತಿದ್ರು. ಹಿಟ್ಟಿನ ಡಬ್ಬಿ ತಳ ಕಂಡ್ತು. ನಿಮ್ಮಪ್ಪಗ ಹಾಲಿಲ್ಲ. ನೀರಾಗ ಬೆಲ್ಲ ಕಲಸಿ ಕುಡಿಸ್ತಿದ್ದೆ, ಕುಡದು ನಗ್ತಿತ್ತು ಕೂಸು, ಹಾಲಲ್ಲ ಅಂತ ಅದಕ್ಕ ತಿಳೀತಿರ್ಲಿಲ್ಲ.

ಒಂದಿನ ನಾ ಅಂದೆ, "ನಾ ಒಯ್ತೀನ್ರಿ ಬಿಲ್ಲ." ಇವ್ರು ಅಂದ್ರು, "ಹೆಣ್ಮಕ್ಕಳು ಬಿಲ್ಲ ಹಿಡಿಯೂದಿಲ್ಲ. ನಮ್ಮಪ್ಪನ ಬಿಲ್ಲದು." "ನಿಮ್ಮಪ್ಪ ಬಂದ ಹಿಂಜತಾನೇನು" ಅಂದೆ. ಹೂಂ ಅನ್ಲಿಲ್ಲ, ಉಹೂಂ ಅಂತೂ ಅನ್ಲಿಲ್ಲ, ನನ್ನ ಕಡಿ ಬೆನ್ನ ಮಾಡಿ ಬಾಗಲದಾಗ ಕುಂತ್ರು. ನಾ ನಮ್ಮದೇ ಗಾದಿ ಬಿಚ್ಚಿ ಶುರು ಮಾಡಿದೆ. ಮೊದಲನೇ ಏಟಿಗೇ ಬಿಲ್ಲ ತಿರುಗಿ ಹಣಿಗಿ ಬಡೀತು, ಇಲ್ಲೆ ನೋಡ್ರಿ, ಇನ್ನೂ ಕಲಿ ಅದ. ಕಲಿಸೋರ್ಯಾರು? ಇವ್ರು ತಿರುಗಿ ಸುದ್ದಾ ನೋಡ್ಲಿಲ್ಲ. ಆದ್ರ ನಾ ತಪ್ಪ ಹೊಡದಾಗೆಲ್ಲಾ ಕೆಮ್ತಿದ್ರು. ಮೊದಲ ನನಗ ತಿಳೀಲಿಲ್ಲ, ಪಾಪ ಎದಿ ಹಿಡದದ ಅಂತ ನೀರ ಕೊಟ್ಟೆ. ನೀರ ಕುಡದು ಮತ್ತ ಕೆಮ್ಮಿದ್ರು. ಹೆದಿ ಹತ್ಯಾಗ ಭಾಳ ಆಳ ಹೋದ್ರ ಒಂದ ಕೆಮ್ಮು. ಹಗೂರ ಹೊಡದ್ರ ಇನ್ನೊಂದ ನಮೂನಿ, ಗಂಟಲದಾಗಿಂದು. ಸರಿ ಬಿದ್ರ ಸುಮ್ನ. ನಡುನಡುವ ಖರೇ ಕೆಮ್ಮೂ ಬರ್ತಿತ್ತು, ಅದರಾಗ ಯಾವದು ಬ್ಯಾನೀದು ಯಾವದು ಪಾಠದ್ದು ಅಂತ ಆರಿಸ್ಕೊಂಡ ಕಲೀಬೇಕಿತ್ತು. ಹಂಗ ಕಲತೆ ನಾ. ಇವ್ರು ಮುಂಜಾನಿಂದ ಕೆಮ್ಮಲಾರದ ಇದ್ದ ಒಂದ ದಿನ ಕೂಸಿನ್ನ ಇವ್ರ ಹಂತೇಕ ಬಿಟ್ಟು, ಬಿಲ್ಲ ಹೆಗಲಿಗಿ ಹಾಕ್ಕೊಂಡ ಹೊಂಟೆ. ಹೊಂಟಾಗ ಒಂದ ಹಸಿ ಅರಿವಿ ಮಡಿಚಿ ಕೊಟ್ರು, ಬಾಯಿ ಮೂಗಿಗಿ ಕಟ್ಕೋ ಅಂತ. ನನ್ನ ಮಾರಿ ನೋಡ್ಲಿಲ್ಲ. ಇವ್ರಿಗಿ ನಾಚಿಕಿ ಆಗ್ಯದ ಅಂತ ನನಗನಿಸ್ತು, ಹೇಂತಿ ದುಡದು ಹಾಕ್ತಾಳಂತ. ಅದರ ಮ್ಯಾಲ ಇವ್ರ ಕಾಕಾ ಒಬ್ಬಾಂವ ಊರಿಂದ ಬಂದು, "ಹೇಂತಿ ಕೈಯಾಗ ಬಿಲ್ಲ ಕೊಟ್ಟು ಕುಂತೀಯಲ್ಲೋ" ಅಂದ. ಇವ್ರು ತೆಲಿ ಕೆಳಗ ಹಾಕಿದ್ರು. ಕಾಕಾ ಕುಂತ ಗಾದಿ ನಾನೇ ಹಿಂಜಿದ್ದು. ಉಂಡು, ಅದರ ಮ್ಯಾಲೇ ಒಂದ ನಿದ್ದಿ ಮಾಡಿ, ಎದ್ದ ಹೋದ.

ಕೋಥರೂಡದ ಬಾಯಿಯವ್ರಿಗಿ, ಅಂದ್ರ ಮರಾಠಿ ಮನಿ ಯಜಮಾನ್ತಿಗೋಳಿಗಿ, ನನ್ನ ನೋಡಿ ಮೊದಲ ಅಚ್ಚರಿ, ಆಮ್ಯಾಲ ಸಮಾಧಾನ. ಗಂಡಸು ಪಿಂಜಾರ ಬಂದ್ರ ಗೇಟಿನ್ಯಾಗೇ ನಿಂದ್ರಸ್ತಿದ್ರು. ನನಗ "ಯೇ ಗಂ ಗಾದಿವಾಲಿ, ವರ ಯೇ, ಗಚ್ಚೀವರ" ಅಂತ ಮಾಳಿಗಿ ಮ್ಯಾಲ ಕರೀತಿದ್ರು, ಗಾದಿ ತಗಿಲಾಕ ಮಲಗೂ ಖೋಲಿ ತನಕಾ ಬಿಡ್ತಿದ್ರು. ಒಬ್ಬಾಕಿ ಭಾಳ ಮಡಿ ಹೆಂಗಸು, ಹೆದಿ ಮುಟ್ಟಿ ನೋಡಿ ಕೇಳಿದ್ಳು, "ಹೀ ತಾರ ಕಶಾಚೀ ಗಂ?" ಈ ತಂತಿ ಯಾವದರದು ಅಂತ. ಹೆದಿ ಕುರಿ ಕರುಳಿಂದು ಇರ್ತದ. "ಭಾಳ ಹಳೀದು ಬಾಯಿ, ನಮ್ಮ ಮಾವನ ಕಾಲದ್ದು" ಅಂದೆ. ಸುಳ್ಳಲ್ಲ ಅದು. ಆಕಿ ಹಳೀದಂತ ಕೈ ಮುಗದ್ಳು. ಇನ್ನೊಂದ ಏನಂದ್ರ, ಯಾರ ಮನ್ಯಾಗರೆ ಹಿರೇರು ತೀರಿಕೊಂಡ್ರ ಅವ್ರ ಗಾದಿ ಹಿಂಜಸ್ತಿರ್ಲಿಲ್ಲ, ನೀನೇ ಒಯ್ಯಿ ಅಂತಿದ್ರು. ನಮ್ಮ ಶೆಡ್ಡಿನಾಗ ಎಲ್ಲಾರೂ ಮಲಗಿದ್ದು ತೀರಿಕೊಂಡೋರ ಹತ್ತಿ ಮ್ಯಾಲೇ. ನಿಮ್ಮಪ್ಪಂದು ಒಬ್ಬ ಮಾಸ್ತರ ಗಾದಿ. ಅದಕ್ಕೇ ಇನ್ನೂ ಕಂಡಕಂಡೋರಿಗೆಲ್ಲಾ ಬುದ್ಧಿ ಹೇಳ್ತಾನ. ಮಳಿಗಾಲದಾಗ ಬಿಲ್ಲಿಗಿ ಕೆಲಸ ಇಲ್ಲ, ಹಸಿ ಹತ್ತಿ ಏಳೂದಿಲ್ಲ, ಆಗ ಅದೇ ಮನಿಗೋಳಾಗ ಪಾತ್ರಿ ತಿಕ್ತಿದ್ದೆ. ಅವೇ ಬಾಯಿಯವ್ರು, ಅದೇ ನಾ, ಆದ್ರ ಪಾತ್ರಿ ತಿಕ್ಕಾಕಿಗಿ ಹಿಂದಿನ ಬಾಗಲ. ಇರ್ಲಿ. ಹಾಲ ಬಂತು, ಹಿಟ್ಟ ಬಂತು, ಇವ್ರ ಔಷಧಾನೂ ಬಂತು. ಎದಿ ಸಾವಕಾಶ ಸುಧಾರಿಸ್ತು, ಇವ್ರು ಒಂದ ಬಿಲ್ಡಿಂಗಿನ್ಯಾಗ ವಾಚ್‌ಮನ್ ಆದ್ರು. ಆದ್ರೂ ನಾ ಬಿಲ್ಲ ಬಿಡ್ಲಿಲ್ಲ, ನಿಮ್ಮಪ್ಪ ದೊಡ್ಡಾಂವಾಗೂತನಕಾ ಹೊತ್ತೆ. ಹಿಂಜೂ ಮಷೀನ್ ಬಂತು, ಅದರ ಹಿಂದ ಫೋಮ್ ಬಂತು, ಮಂದಿ ಗಾದಿ ಬಿಚ್ಚೂದೇ ಬಿಟ್ರು. ಆಗ ಮೊಳಿಗಿ ಹಾಕಿದೆ. ನಿಮ್ಮಪ್ಪ ಫೋಮ್ ಮಾರ್ತಾನಂತ ನನಗೇನ ಸಿಟ್ಟಿಲ್ಲ. ನಾನೂ ಅದರ ಮ್ಯಾಲೇ ಮಲಗ್ತೀನಿ, ನಿದ್ದಿ ಬರ್ತದ, ಏನ ಮಾಡ್ಲಿ.

ಹಾಂ, ಹೋಟೆಲಿನವ್ರು. ಅವ್ರು ಮತ್ತ ಬರೂ ಹಿಂದಿನ ದಿನ ಮಧ್ಯಾಹ್ನ, ಊಟಾಗಿತ್ತು, ನಿಮ್ಮವ್ವ ಅಂಗಡಿಗಿ ಬುತ್ತಿ ಒಯ್ದಿದ್ಳು, ಮನ್ಯಾಗ ನಾವಿಬ್ಬರೇ. ನಾ ಬಿಲ್ಲ ಇಳಿಸಿ ಒರಸ್ಲಿಕತ್ತಿದ್ದೆ. ಕೊಟ್ಟಬಿಡೂದು ಅಂತ ಮನಸ್ಸಿನ್ಯಾಗ ಮಾಡಿದ್ದೆ. ಇವ್ರ ಕಣ್ಣಿಗಿ ದಿನಾ ಚುಚ್ಚೂ ಸಾಮಾನ ನನ್ನ ಹಟಕ್ಕ ಯಾಕ ಇಡ್ಲಿ, ಅಂತ. ಆದ್ರ ಕೈ ಒರಸೂದ ಬಿಡ್ಲಿಲ್ಲ. ಬಾಯೀನೂ ಸುಮ್ನ ಇರ್ಲಿಲ್ಲ. "ಒಯ್ಯಲಿ ಅಂದ್ರಲ್ಲ, ಯಾಕ?" ಅಂತ ಕೇಳಿದೆ. "ಜಾಗಾ ಹಿಡೀತದ" ಅಂದ್ರು. "ಜಾಗಾ ನೀವೂ ಹಿಡೀತೀರಿ" ಅಂದೆ. ಆಮ್ಯಾಲ ಅಂದ್ರು, "ಅದನ್ನ ನೋಡಿದ್ರ ನನಗ ನಿನ್ನ ಹೆಗಲ ಕಾಣ್ತದ. ಬಿಸಲಾಗ ನೀ ಹೊತಗೊಂಡ ಹೋಗೂದು, ನಾ ಬಾಗಲದಾಗ ಕುಂಡ್ರೂದು. ಭಾಳ ಕಷ್ಟ ಕೊಟ್ಟೆ ನಿನಗ. ದಿನಾ ಮುಂಜಾನಿ ಚಾ ಕುಡಿಯೂದ್ರಾಗ ಅದನ್ನೇ ನೋಡ್ಬೇಕು. ಒಯ್ಯಲಿ ಅತ್ಲಾಗ."

ನಾಚಿಕಿ ಅಲ್ಲ ನೋಡ್ರಿ. ನಾಚಿಕಿ ಅಂತ ನಾ ಅಷ್ಟ ವರ್ಷ ತಿಳಕೊಂಡಿದ್ದು ಕನಿಕರ. ನನಗ ಕಣ್ಣಾಗ ನೀರ ಬಂತು, ಸುಳ್ಳ್ಯಾಕ ಹೇಳ್ಲಿ. ಒರಸ್ಕೊಂಡು ಅಂದೆ, "ಕಷ್ಟ ಅಂತ ನಿಮಗ್ಯಾರ ಹೇಳಿದ್ರು? ನನಗ ಖುಷಿ ಇತ್ತಲ್ರಿ." "ಏನಂದಿ?" ಅಂದ್ರು. ಕಿವಿ ಕೇಳ್ಲಿಲ್ಲಂತ ಮತ್ತ ಜೋರಾಗಿ ಅಂದೆ. ಕೇಳಿಸಿತ್ತು ಅವ್ರಿಗಿ. ಎದ್ದ ಕುಂತ್ರು. ನಾ ಹೇಳಿದೆ, ಊರಾಗಿದ್ದಾಗ ನಾ ಬಾವಿ ತನಕಾ ಹೋಗಿ ಬಂದಾಕಿ, ಅದರಾಚಿ ಏನದ ಗೊತ್ತಿರ್ಲಿಲ್ಲ. ಇಲ್ಲೆ ಓಣಿ ಓಣಿ ನನಗ ಪರಿಚಯ ಆತು, ಹೆದಿ ಸಪ್ಪಳಕ್ಕ ಮಂದಿ ಕಿಟಕಿ ತಗೀತಿದ್ರು. ಮಾಳಿಗಿ ಮ್ಯಾಲ ನಿಂತ್ರ ದೂರದ ಗುಡ್ಡ ಕಾಣ್ತಿತ್ತು, ಗಾಳಿ ಬರ್ತಿತ್ತು, ಹತ್ತಿ ಏಳ್ತಿತ್ತು. ಒಬ್ಬಾಕಿನೇ ಗಿಡದ ಬುಡಕ ಕುಂತು ಮಿಸಳ ತಿಂತಿದ್ದೆ, ತಿನ್ಲೇನು ಅಂತ ಯಾರನ್ನೂ ಕೇಳ್ತಿರ್ಲಿಲ್ಲ. ಹಸಿವು ಕಷ್ಟ ಇತ್ತು, ನಿಮ್ಮ ಎದಿ ಕಷ್ಟ ಇತ್ತು, ಕೂಸಿಗಿ ಹಾಲಿಲ್ಲದ್ದು ಕಷ್ಟ, ಮಂದಿ ಪಾತ್ರಿ ಕಷ್ಟ. ಬಿಲ್ಲ ಕಷ್ಟ ಇರ್ಲಿಲ್ಲರಿ, ಅಂದೆ. ಬಿಲ್ಲ ಹಿಡದಷ್ಟ ದಿನ ನಾ ಛಲೋ ಇದ್ದೆ, ಅಂದೆ. ಇವ್ರಿಗಿ ಸಿಟ್ಟ ಬಂತು. ಖರೇ ಸಿಟ್ಟು. "ಮತ್ತ ಇಷ್ಟ ವರ್ಷ ನಾ ಸುಮ್ನ ಮರಗಿದ್ನೇನು" ಅಂದ್ರು. "ಮರಗ್ರಿ ಅಂತ ನಾ ಹೇಳಿದ್ದಿಲ್ಲ" ಅಂದೆ. ಅಲ್ಲಿಂದ ಮಾತ ಬಂದ್. ರಾತ್ರಿ ಊಟದಾಗ ಉಪ್ಪಿಲ್ಲ ಅಂದ್ರು, ಅಷ್ಟೇ. ಉಪ್ಪಿತ್ತು.

ಮರುದಿನ ಹೋಟೆಲಿನವ್ರು ಟೆಂಪೋ ತಗೊಂಡೇ ಬಂದ್ರು. ನನ್ನ ಕೇಳಲಾರದ ನಿಮ್ಮಪ್ಪ ಫೋನಿನ್ಯಾಗ ಹೂಂ ಅಂದಿದ್ದ. ಬಿಲ್ಲ ಎತ್ಲಾಕ ಆಳು ಬಾಗಲದಾಗ ನಿಂತಿದ್ರು. ಹಿಂದಿನ ದಿನ ಕೊಡೂದಂತ ಮಾಡಿದ್ದು ನಾನೇ, ಆದ್ರ ನನ್ನ ಬಾಯಿಲೇ ಖುಷಿ ಇತ್ತು ಅಂದ ಮ್ಯಾಲ ಆ ಬಿಲ್ಲ ಇನ್ನೊಬ್ಬರ ಗ್ವಾಡಿಗಿ ಹೋಗೂದು ನನಗ ನೋಡೂದಾಗ್ತಿರ್ಲಿಲ್ಲ. ಇವ್ರು ಸಿಟ್ಟಿಲೆ ಒಯ್ರಿ ಅಂದ್ರ ಮುಗೀತು, ಅವ್ರಪ್ಪನ ಬಿಲ್ಲು. ಹೋಟೆಲಿನವ್ರು ಮನಿ ಹಿರೇರಂತ ಇವ್ರನ್ನೇ ಕೇಳಿದ್ರು, "ಅಜ್ಜಾ, ತೆಗೆದುಕೊಂಡು ಹೋಗ್ಲಾ?" ಇವ್ರು ಹಾಸಿಗಿಂದ ಎದ್ದು, ಗ್ವಾಡಿ ಹಿಡಕೊಂಡ ಬಂದು, "ನನ್ನ ಕೇಳಬ್ಯಾಡ್ರಿ. ಬಿಲ್ಲ ಆಕಿದು" ಅಂದ್ರು. ನಿಮ್ಮಪ್ಪ, "ಅಲ್ಲಪಾ, ಅದು ನಿಮ್ಮಪ್ಪಂದಲ್ಲೇನು" ಅಂದ. "ನಮ್ಮಪ್ಪನೂ ಹೊಟ್ಟಿಪಾಡಿಗಿ ಬಿಲ್ಲ ಹೊಡದ, ನಾನೂ ಹೊಟ್ಟಿಪಾಡಿಗಿ ಹೊಡದೆ. ಖುಷಿಲೆ ಹೊಡದಾಕಿ ಆಕಿ ಒಬ್ಬಾಕಿ. ಆಕಿದು ಅಂದ್ರ ಆಕಿದು" ಅಂದು ಒಳಗ ಹೋಗಿ ಮಲಗಿಬಿಟ್ರು.

ಎಲ್ಲಾರೂ ನನ್ನ ನೋಡಿದ್ರು. ಅಷ್ಟ ಮಂದಿ ನನ್ನ ಮಾತಿಗಿ ಕಾದದ್ದು ನನಗ ನೆನಪಿಲ್ಲ. "ಕೊಡೂದಿಲ್ರಿ" ಅಂದೆ. ಛಲೋ ಮನಷ್ಯಾ ಅಂತ ನಾ ಅಂದೆನಲ್ಲ, "ಆಯ್ತಮ್ಮಾ, ಬೇಜಾರಿಲ್ಲ" ಅಂದು ಚಾ ಕುಡದು ಎದ್ರು. ಟೆಂಪೋ ಖಾಲಿ ಹೋಗೂದು ಬ್ಯಾಡಂತ ನಿಮ್ಮವ್ವ ನಮ್ಮ ಖೋಲ್ಯಾಗಿನ ಹಳೀ ಕಬ್ಬಿಣ ಕಪಾಟ ಹೇರಿ ಕಳಿಸಿದ್ಳು. ಅವ್ರು ಕೇಳಿರ್ಲಿಲ್ಲ. ಗ್ವಾಡಿಗಿ ಹಚ್ಯಾರೋ ಏನೋ. ಬಿಲ್ಲ ಕಪಾಟಿನ ಜಾಗಾದಾಗದ, ಇವ್ರ ಮಂಚದ ಎದರಿಗೇ, ಇವ್ರೇ ಇಡಿಸ್ಯಾರ. ಈಗ ಮುಂಜಾನಿ ಅದನ್ನ ನೋಡಿದ್ರ ಸಿಟ್ಟ ಬರ್ತದಂತ. ಮರಗೂದಕ್ಕಿಂತ ಹಗೂರ ಅಂತಾರ. ಅದಕ್ಕ ಹೇಳೂದು ನಿಮಗ, ಯಾರ ಮ್ಯಾಲರೆ ಕನಿಕರ ಬಂದ್ರ ಒಳಗ ಇಟ್ಕೊಂಡ ಕುಂಡ್ರಬ್ಯಾಡ್ರಿ. ಹೋಗಿ ಕೇಳ್ರಿ, ನಿನಗ ಖರೇನ ತ್ರಾಸ ಆಗ್ಲಿಕತ್ತದೇನು ಅಂತ. ಹೌದಂದ್ರ ಕೈ ಹಚ್ರಿ. ಇಲ್ಲಂದ್ರ ನಿಮ್ಮ ಕೆಲಸ ನೀವು ನೋಡ್ಕೋರಿ. ಏಳ್ರಿ ಈಗ, ರೊಟ್ಟಿ ಆರ್ತಾವ.